ಎಣಿಕೆ ತಪ್ಪಿದ ಕಿಟಕಿ

ಬ್ಯಾಟರಿ ಪೂರ್ತಿ ಇಳಿದುಹೋಗಿದ್ದ ಅಥವಾ ಅದರ ತಂತಿ ಕಳಚಿಟ್ಟಿದ್ದ ಕಾರಿಗೆ ಮರಳಿ ವಿದ್ಯುತ್ ಕೊಟ್ಟಾಗ ಎಂಜಿನ್ ಚಾಲೂ ಆಗುತ್ತದೆ, ದೀಪಗಳು ಉರಿಯುತ್ತವೆ, ಹಾರ್ನ್ ಕೂಗುತ್ತದೆ. ಆದರೆ ಚಾಲಕನ ಬದಿಯ ಪವರ್ ವಿಂಡೋ, ಅಂದರೆ ಬಾಗಿಲೊಳಗಿನ ಮೋಟಾರಿನಿಂದ ಏರಿಳಿಯುವ ಕಿಟಕಿ ಗಾಜು, ಅನೇಕ ಕಾರುಗಳಲ್ಲಿ ಎಂದಿನಂತೆ ನಡೆದುಕೊಳ್ಳುವುದಿಲ್ಲ. ಒಮ್ಮೆ ಸ್ವಿಚ್ ಎಳೆದುಬಿಟ್ಟರೆ ತಾನಾಗಿ ಮೇಲೇರಿ ಮುಚ್ಚಿಕೊಳ್ಳುತ್ತಿದ್ದ ಗಾಜು ಈಗ ಬೆರಳು ಇರುವಷ್ಟು ಹೊತ್ತು ಮಾತ್ರ ಚಲಿಸಿ, ಬೆರಳು ತೆಗೆದೊಡನೆ ನಿಂತುಬಿಡುತ್ತದೆ. ಕೆಲವು ಮಾದರಿಗಳಲ್ಲಿ ತುಸು ತುಸುವೇ ಏರುತ್ತದೆ, ಇನ್ನು ಕೆಲವದರಲ್ಲಿ ಸ್ವಿಚ್ಚಿನೊಳಗಿನ ಪುಟ್ಟ ದೀಪ ಮಿನುಗತೊಡಗುತ್ತದೆ. ಸ್ವಿಚ್ ಕೆಟ್ಟಿದೆಯೆಂದೋ ಮೋಟಾರು ಸುಟ್ಟಿದೆಯೆಂದೋ ಭಾವಿಸಿ ಹೊಸ ಬಿಡಿಭಾಗಕ್ಕೆ ಹಣ ತೆರುವವರು ಕಡಿಮೆಯಿಲ್ಲ. ವಾಸ್ತವದಲ್ಲಿ ಅಲ್ಲಿ ಕೆಟ್ಟದ್ದು ಏನೂ ಇರುವುದಿಲ್ಲ. ಗಾಜು ಎಲ್ಲಿಯವರೆಗೆ ಏರಬೇಕು ಎಂಬ ಒಂದು ಲೆಕ್ಕ ಅಳಿಸಿಹೋಗಿರುತ್ತದೆ, ಅದನ್ನು ಮತ್ತೆ ಕಲಿಸಿಕೊಟ್ಟರೆ ಕೆಲಸ ಮುಗಿಯುತ್ತದೆ.

ಭಟ್ಕಳ, ಹೊನ್ನಾವರ, ಕುಮಟಾ ತಾಲ್ಲೂಕುಗಳಲ್ಲಿ ಈ ಸಂಗತಿಗೆ ಹೆಚ್ಚಿನ ಮಹತ್ವ ಬರುವುದು ಅಲ್ಲಿನ ಬದುಕಿನ ರೀತಿಯಿಂದ. ಅರಬ್ ನಾಡುಗಳೊಡನೆ ಶತಮಾನಗಳ ವ್ಯಾಪಾರ ಸಂಬಂಧವಿರುವ ಭಟ್ಕಳದ ನವಾಯತ ಕುಟುಂಬಗಳಲ್ಲಿ ದುಬೈ ಮತ್ತಿತರ ಕೊಲ್ಲಿ ನಗರಗಳಲ್ಲಿ ನೆಲೆಸಿದವರು ಬಹಳ ಮಂದಿ. ಹೊನ್ನಾವರ, ಕುಮಟಾಗಳ ಮನೆಗಳಿಂದ ಬೆಂಗಳೂರು, ಮುಂಬೈಗಳಿಗೆ ಹೋದವರ ಸಂಖ್ಯೆಯೂ ಸಣ್ಣದಲ್ಲ. ಊರಿನ ಮನೆಗೆಂದು ಕೊಂಡ ಕಾರು ವರ್ಷದ ಬಹುಭಾಗ ಪೋರ್ಚಿನಲ್ಲೋ ಅಂಗಳದ ಶೀಟಿನ ಮಾಡಿನ ಕೆಳಗೋ ಕವರು ಹೊದ್ದು ನಿಂತಿರುತ್ತದೆ, ಮನೆಯಲ್ಲಿ ಉಳಿದ ಹಿರಿಯರಿಗೆ ಎಷ್ಟೋ ಸಲ ಚಾಲನೆ ಬರುವುದಿಲ್ಲ. ಕೊಲ್ಲಿ ದೇಶಗಳಲ್ಲಿ ಶಾಲೆಗಳಿಗೆ ಬೇಸಿಗೆ ರಜೆ ಸಿಗುವುದು ಜುಲೈ ಮತ್ತು ಆಗಸ್ಟ್ ತಿಂಗಳುಗಳಲ್ಲಿ. ಕರಾವಳಿಯಲ್ಲಿ ಮುಂಗಾರು ತಾರಕಕ್ಕೇರಿರುವುದೂ ಅದೇ ಹೊತ್ತಿನಲ್ಲಿ. ತಿಂಗಳುಗಟ್ಟಲೆ ನಿಂತ ಕಾರು, ಇಳಿದ ಬ್ಯಾಟರಿ, ಮುಚ್ಚದ ಗಾಜು, ಬಿಡದ ಮಳೆ, ಹಿಂಬದಿ ಸೀಟಿನಲ್ಲಿ ಮಕ್ಕಳು, ಇವೆಲ್ಲ ಒಂದೇ ದಿನ ಒಂದೇ ಅಂಗಳದಲ್ಲಿ ಕೂಡಿಬರುವುದು ಈ ಊರುಗಳಲ್ಲಿ ಅಪರೂಪವಲ್ಲ.

ನಿಂತ ಕಾರಿನ ಬ್ಯಾಟರಿ ಯಾಕೆ ಇಳಿಯುತ್ತದೆ ಎಂಬುದಕ್ಕೆ ಸರಳವಾದ ಗಣಿತವಿದೆ. ಕೀಲಿ ತೆಗೆದ ಮೇಲೂ ಕಾರಿನ ಕೆಲವು ಭಾಗಗಳು, ಉದಾಹರಣೆಗೆ ರಿಮೋಟ್ ಕೀಲಿಯ ಸಂಕೇತಕ್ಕೆ ಕಾದಿರುವ ಗ್ರಾಹಕ, ಕಳ್ಳತನ ತಡೆಯುವ ಎಚ್ಚರಿಕೆ ಗಂಟೆ, ಗಡಿಯಾರ, ನಿಯಂತ್ರಣ ಪೆಟ್ಟಿಗೆಗಳ ನೆನಪು, ಇವು ಸ್ವಲ್ಪ ಸ್ವಲ್ಪ ವಿದ್ಯುತ್ತನ್ನು ಸದಾ ಸೆಳೆಯುತ್ತಿರುತ್ತವೆ. ಈ ಸೆಳೆತ 30 ಮಿಲಿ ಆಂಪಿಯರ್ ಎಂದಿಟ್ಟುಕೊಂಡರೆ ದಿನಕ್ಕೆ 0.72 ಆಂಪಿಯರ್ ಗಂಟೆ ಖರ್ಚಾಗುತ್ತದೆ. ಸಣ್ಣ ಕಾರುಗಳಲ್ಲಿ ಕಾಣುವ 35 ಆಂಪಿಯರ್ ಗಂಟೆಯ ಬ್ಯಾಟರಿ ಇಪ್ಪತ್ತನಾಲ್ಕು ದಿನಗಳಲ್ಲಿ ಅರ್ಧಕ್ಕೆ ಬರುತ್ತದೆ. ಇದರ ಮೇಲೆ ಬ್ಯಾಟರಿಯೊಳಗೇ ನಡೆಯುವ ಸೋರಿಕೆ ಬೇರೆ ಇದ್ದು, ಅದು ಸೆಕೆಯ ವಾತಾವರಣದಲ್ಲಿ ಇನ್ನಷ್ಟು ವೇಗ ಪಡೆಯುತ್ತದೆ. ಪೂರ್ತಿ ತುಂಬಿದ, ಕೆಲ ಗಂಟೆ ವಿಶ್ರಾಂತಿಯಲ್ಲಿದ್ದ ಬ್ಯಾಟರಿ ಮೀಟರಿನಲ್ಲಿ ಸುಮಾರು 12.6 ವೋಲ್ಟ್ ತೋರಿಸಿದರೆ, ಅರ್ಧ ಇಳಿದದ್ದು 12.2ರ ಆಸುಪಾಸು ತೋರಿಸುತ್ತದೆ. 12ಕ್ಕಿಂತ ಕೆಳಗಿಳಿದರೆ ಸ್ಟಾರ್ಟರ್ ಮೋಟಾರನ್ನು ತಿರುಗಿಸುವ ಭರವಸೆಯಿಲ್ಲ. ಹಾಗೆಯೇ ಬಹುಕಾಲ ಬಿಟ್ಟರೆ ಒಳಗಿನ ಸೀಸದ ಫಲಕಗಳ ಮೇಲೆ ಸೀಸದ ಸಲ್ಫೇಟ್ ಹರಳುಗಟ್ಟಿ, ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಹಿಂದಿನ ಸಾಮರ್ಥ್ಯ ಮರಳುವುದಿಲ್ಲ.

ಕಡಲ ಗಾಳಿಯ ಪಾಲೂ ಇದರಲ್ಲಿದೆ. ಗೋಕರ್ಣದ ಬಳಿಯ ಸಾಣಿಕಟ್ಟಾದಲ್ಲಿ ಉಪ್ಪು ಬೆಳೆಯುವ ಈ ಸೀಮೆಯ ಗಾಳಿಯಲ್ಲಿ ಉಪ್ಪಿನಂಶವೂ ತೇವವೂ ಇದ್ದೇ ಇರುವುದರಿಂದ, ಬ್ಯಾಟರಿಯ ಟರ್ಮಿನಲ್‌ಗಳ, ಅಂದರೆ ತಂತಿ ಕಚ್ಚಿಕೊಳ್ಳುವ ಎರಡು ಸೀಸದ ಗುಬುಟುಗಳ ಸುತ್ತ ಬಿಳಿ ಅಥವಾ ಹಸಿರು-ನೀಲಿ ಬಣ್ಣದ ಹೂವು ಬೇಗ ಅರಳುತ್ತದೆ. ಈ ಪದರ ವಿದ್ಯುತ್ತಿನ ಹರಿವಿಗೆ ತಡೆಯೊಡ್ಡುವುದರಿಂದ, ಬ್ಯಾಟರಿ ಸುಸ್ಥಿತಿಯಲ್ಲಿದ್ದರೂ ಕಾರು ಕ್ಷಣಮಾತ್ರ ವಿದ್ಯುತ್ ಕಳೆದುಕೊಳ್ಳಬಹುದು. ಹೊಂಡ ಹಾರಿದಾಗ ಸಡಿಲ ಟರ್ಮಿನಲ್ ಒಮ್ಮೆ ಅಲುಗಿದರೂ ಕಿಟಕಿಯ ಲೆಕ್ಕ ಅಳಿಸಿಹೋಗಲು ಸಾಕು. ಅಡುಗೆ ಸೋಡಾ ಬೆರೆಸಿದ ಬಿಸಿನೀರಿನಿಂದ ತೊಳೆದು, ಒಣಗಿಸಿ, ಬಿಗಿದು, ಮೇಲೆ ಪೆಟ್ರೋಲಿಯಂ ಜೆಲ್ಲಿ ಸವರುವುದು ಹಳೆಯ ಉಪಾಯ. ಅದಕ್ಕಿಂತ ಒಳ್ಳೆಯದು ಸುಲಭಕ್ಕೆ ಸಿಗುವುದಿಲ್ಲ.

ಕಿಟಕಿಗೆ ಲೆಕ್ಕದ ಅಗತ್ಯವಾದರೂ ಏಕೆ ಎಂಬುದು ಮುಖ್ಯ ಪ್ರಶ್ನೆ. 1983ರ ಡಿಸೆಂಬರಿನಲ್ಲಿ ಮಾರುಕಟ್ಟೆಗೆ ಬಂದ ಮಾರುತಿ 800ರಲ್ಲಾಗಲಿ ಅದಕ್ಕೂ ಹಿಂದಿನ ಅಂಬಾಸಿಡರ್‌ನಲ್ಲಾಗಲಿ ಕೈಹಿಡಿ ತಿರುಗಿಸಿ ಗಾಜು ಏರಿಸುತ್ತಿದ್ದಾಗ ಎಲ್ಲಿ ನಿಲ್ಲಿಸಬೇಕೆಂಬುದನ್ನು ತಿರುಗಿಸುವ ಕೈಯೇ ನಿರ್ಧರಿಸುತ್ತಿತ್ತು. ಅಮೆರಿಕದ ಪ್ಯಾಕಾರ್ಡ್ ಕಂಪನಿ 1940ರ ಸುಮಾರಿಗೆ ಶಕ್ತಿಚಾಲಿತ ಕಿಟಕಿಗಳನ್ನು ತಂದ ಬಳಿಕವೂ ಬಹುಕಾಲ ಅವು ಬೆರಳಿನ ಒತ್ತಡ ಇದ್ದಷ್ಟು ಹೊತ್ತು ಮಾತ್ರ ಚಲಿಸುವಂಥವೇ ಆಗಿದ್ದವು. ಒಮ್ಮೆ ಎಳೆದುಬಿಟ್ಟರೆ ತಾನೇ ಮುಚ್ಚಿಕೊಳ್ಳುವ ಗಾಜಿನ ಮಾತೇ ಬೇರೆ: ಸ್ವಿಚ್ ಬಿಟ್ಟ ವ್ಯಕ್ತಿ ಬೇರೆಡೆ ನೋಡುತ್ತಿರಬಹುದು, ಅಷ್ಟರಲ್ಲಿ ಮಗುವಿನ ಕೈ ಅಥವಾ ಕುತ್ತಿಗೆ ಗಾಜಿಗೂ ಚೌಕಟ್ಟಿಗೂ ನಡುವೆ ಸಿಕ್ಕಿಕೊಳ್ಳಬಹುದು. ಆದ್ದರಿಂದ ತಾನಾಗಿ ಮುಚ್ಚುವ ಕಿಟಕಿಗೆ ಅಡಚಣೆ ಅರಿತು ಹಿಂದೆ ಸರಿಯುವ ಗುಣವೂ ಇರಬೇಕೆಂಬ ನಿಯಮ ಬಂದಿತು. ವಾಹನ ಮಾರುವವರು ಇದನ್ನೇ ಆಂಟಿ ಪಿಂಚ್ ಎಂದು ಜಾಹೀರಾತಿನಲ್ಲಿ ಬರೆಯುತ್ತಾರೆ. ವಿಶ್ವಸಂಸ್ಥೆಯ 21ನೇ ವಾಹನ ನಿಯಮಾವಳಿಯ ಪ್ರಕಾರ, ಗಾಜಿನ ಮೇಲಂಚಿಗೂ ಚೌಕಟ್ಟಿಗೂ 200 ಮಿ.ಮೀ.ಯಿಂದ 4 ಮಿ.ಮೀ.ವರೆಗೆ ಅಂತರವಿರುವಾಗ ನಡುವೆ ಸಿಕ್ಕ ವಸ್ತುವಿನ ಮೇಲೆ 100 ನ್ಯೂಟನ್, ಎಂದರೆ ಸುಮಾರು ಹತ್ತು ಕಿಲೋ ತೂಕದಷ್ಟು ಬಲ ಬೀಳುವ ಮೊದಲೇ ಗಾಜು ಹಿಂದಿರುಗಬೇಕು. ಮಕ್ಕಳು ಕಿಟಕಿಯಾಚೆ ಬಾಗಿದಾಗ ಮೊಣಕಾಲೂರಿ ಸ್ವಿಚ್ ಒತ್ತಿಹೋದ ದುರಂತಗಳು ಅಮೆರಿಕದಲ್ಲಿ ನಡೆದು, 2004ರಲ್ಲಿ ಅಲ್ಲಿನ ರಸ್ತೆ ಸುರಕ್ಷತಾ ಆಡಳಿತವು ಅಕಸ್ಮಾತ್ತಾಗಿ ಒತ್ತಿಹೋಗದ ಸ್ವಿಚ್ಚುಗಳನ್ನು ಕಡ್ಡಾಯಗೊಳಿಸಿತು. ಮುಚ್ಚಲು ಮೇಲಕ್ಕೆ ಎಳೆಯಲೇಬೇಕಾದ ಇಂದಿನ ಸ್ವಿಚ್ಚಿನ ಆಕಾರಕ್ಕೆ ಇಂಥ ದುಃಖದ ಇತಿಹಾಸವಿದೆ.

ಮೇಲಿನ 4 ಮಿ.ಮೀ. ಎಂಬ ಅಂಕಿಯಲ್ಲಿಯೇ ಇಡೀ ವಿಷಯದ ಕೀಲಿಯಿದೆ. ಗಾಜು ಕೊನೆಗೆ ಚೌಕಟ್ಟಿನ ರಬ್ಬರ್ ಬೀಡಿಂಗ್‌ನೊಳಗೆ ಬಿಗಿಯಾಗಿ ಹೊಕ್ಕರೆ ಮಾತ್ರ ಮಳೆನೀರು ಒಳಗೆ ಬಾರದು, ಹಾಗೆ ಹೊಗಲು ಬಲ ಬೇಕು. ಆದರೆ ಆ ಬಲ ಮೋಟಾರಿಗೆ ಅಡಚಣೆಯಂತೆಯೇ ತೋರುತ್ತದೆ. ರಬ್ಬರಿನ ತಡೆ ಯಾವುದು, ಮಗುವಿನ ಬೆರಳಿನ ತಡೆ ಯಾವುದು ಎಂಬ ಭೇದ ಯಂತ್ರಕ್ಕೆ ಗೊತ್ತಾಗುವುದು ಗಾಜು ಆ ಕ್ಷಣದಲ್ಲಿ ಎಷ್ಟು ಎತ್ತರದಲ್ಲಿದೆ ಎಂಬುದರಿಂದ ಮಾತ್ರ. ಎತ್ತರ ತಿಳಿಯಲು ಬಾಗಿಲೊಳಗೆ ಅಳತೆಪಟ್ಟಿಯೇನೂ ಇರುವುದಿಲ್ಲ. ಮೋಟಾರಿನ ದಂಡಕ್ಕೆ ಒಂದು ಪುಟ್ಟ ಅಯಸ್ಕಾಂತದ ಬಳೆ ತೊಡಿಸಿ, ಪಕ್ಕದಲ್ಲಿ ಹಾಲ್ ಸಂವೇದಕಗಳನ್ನು ಕೂರಿಸಿರುತ್ತಾರೆ. ಅಮೆರಿಕದ ಭೌತವಿಜ್ಞಾನಿ ಎಡ್ವಿನ್ ಹಾಲ್ 1879ರಲ್ಲಿ ಕಂಡುಹಿಡಿದ, ಕಾಂತಕ್ಷೇತ್ರದೊಳಗೆ ವಿದ್ಯುತ್ ಹರಿಯುವಾಗ ಅಡ್ಡದಿಕ್ಕಿನಲ್ಲಿ ವೋಲ್ಟೇಜ್ ಹುಟ್ಟುವ ತತ್ವವೇ ಇವುಗಳ ಆಧಾರ. ದಂಡ ತಿರುಗಿದಂತೆ ಅಯಸ್ಕಾಂತದ ಉತ್ತರ ದಕ್ಷಿಣಗಳು ಸರದಿಯಾಗಿ ಎದುರು ಬಂದು ಮಿಡಿತಗಳು ಹೊಮ್ಮುತ್ತವೆ, ಎರಡು ಸಂವೇದಕಗಳ ಮಿಡಿತಗಳಲ್ಲಿ ಯಾವುದು ಮುಂದು ಎಂಬುದರಿಂದ ಗಾಜು ಏರುತ್ತಿದೆಯೋ ಇಳಿಯುತ್ತಿದೆಯೋ ತಿಳಿಯುತ್ತದೆ, ಮಿಡಿತಗಳ ನಡುವಿನ ಬಿಡುವು ಹಿಗ್ಗಿದರೆ ಏನೋ ಅಡ್ಡಬಂದಿದೆಯೆಂದು ಅರ್ಥ. ಕತ್ತಲಲ್ಲಿ ಮೆಟ್ಟಿಲು ಎಣಿಸಿಕೊಂಡು ಅಟ್ಟ ಹತ್ತುವವರಂತೆ, ಕಿಟಕಿಯ ನಿಯಂತ್ರಣ ಪೆಟ್ಟಿಗೆ ಮಿಡಿತಗಳನ್ನು ಎಣಿಸಿಕೊಂಡೇ ಗಾಜಿನ ಎತ್ತರವನ್ನು ಅರಿಯುತ್ತದೆ.

ಅನೇಕ ಕಾರುಗಳಲ್ಲಿ ಈ ಎಣಿಕೆ ವಿದ್ಯುತ್ ಇರುವವರೆಗೆ ಮಾತ್ರ ಉಳಿಯುವ ನೆನಪಿನಲ್ಲಿರುತ್ತದೆ. ಶಾಶ್ವತ ನೆನಪಿನಲ್ಲಿ ಬರೆದಿಡುವ ಕಾರುಗಳಲ್ಲಿಯೂ ಗಾಜು ಚಲಿಸುತ್ತಿರುವಾಗಲೇ ವಿದ್ಯುತ್ ಹೋದರೆ ಬರೆದದ್ದನ್ನು ನಂಬಲಾಗದು. ಎಣಿಕೆ ತಪ್ಪಿದೆಯೆಂದು ತಿಳಿದ ಪೆಟ್ಟಿಗೆಯ ಮುಂದೆ ಇರುವ ದಾರಿಗಳು ಎರಡೇ: ಊಹೆಯ ಮೇಲೆ ಗಾಜನ್ನು ಏರಿಸುವುದು, ಇಲ್ಲವೇ ಜವಾಬ್ದಾರಿಯನ್ನು ಮನುಷ್ಯನ ಬೆರಳಿಗೆ ಹಿಂದಿರುಗಿಸುವುದು. ತಯಾರಕರು ಎರಡನೆಯದನ್ನು ಆರಿಸಿಕೊಂಡಿದ್ದಾರೆ. ಹಾಗಾಗಿ ತಾನಾಗಿ ಮುಚ್ಚುವ ಸೌಕರ್ಯ ನಿಂತುಹೋಗುವುದನ್ನು ದೋಷವೆನ್ನುವುದಕ್ಕಿಂತ ಬೇಕೆಂದೇ ಇಟ್ಟ ಎಚ್ಚರವೆನ್ನುವುದು ಸರಿ. ಅಷ್ಟು ಜಾಣತನದ ಈ ಏರ್ಪಾಟನ್ನು ವಿವರಿಸಲು ಕೈಪಿಡಿಯ ಯಾವುದೋ ಮೂಲೆಯಲ್ಲಿ ಎರಡು ಸಾಲು ಬರೆದು ಕೈತೊಳೆದುಕೊಳ್ಳುವುದು ಮಾತ್ರ ಒಪ್ಪತಕ್ಕದ್ದಲ್ಲ. ಅದಕ್ಕಿಂತಲೂ ಹೇಳಬೇಕಾದ, ಆದರೆ ಬಳಕೆದಾರರು ಹೆಚ್ಚಾಗಿ ಅರಿಯದ ಅಂಶವೆಂದರೆ, ಲೆಕ್ಕವಿಲ್ಲದ ಈ ಅವಧಿಯಲ್ಲಿ ಸಿಕ್ಕಿಬಿದ್ದ ಕೈಯನ್ನು ಗುರುತಿಸಿ ಹಿಂದೆ ಸರಿಯುವ ರಕ್ಷಣೆಯೂ ಕೆಲಸ ಮಾಡದಿರಬಹುದು. ರಿಸೆಟ್ ಮಾಡುವುದೆಂದರೆ, ಅಂದರೆ ಅಳಿಸಿಹೋದ ಲೆಕ್ಕವನ್ನು ಮತ್ತೆ ಕಲಿಸುವುದೆಂದರೆ, ಒಂದು ಸೌಕರ್ಯವನ್ನು ಮರಳಿ ಪಡೆಯುವುದಷ್ಟೇ ಅಲ್ಲ, ಈ ರಕ್ಷಣೆಯನ್ನೂ ಮರಳಿ ಪಡೆಯುವುದು.

ರಿಸೆಟ್ ಮಾಡುವ ಕ್ರಮ ಕಂಪನಿಯಿಂದ ಕಂಪನಿಗೆ, ಮಾದರಿಯಿಂದ ಮಾದರಿಗೆ ಸ್ವಲ್ಪ ಬದಲಾದರೂ ಅದರ ತಿರುಳು ಒಂದೇ: ಗಾಜನ್ನು ತುದಿಯವರೆಗೆ ಒಯ್ದು, ಇನ್ನು ಏರಲಾಗದು ಎಂಬುದನ್ನು ಪೆಟ್ಟಿಗೆಗೆ ಖಚಿತಪಡಿಸುವುದು. ಮೊದಲು ಎಂಜಿನ್ ಚಾಲೂ ಮಾಡಿ ಬಿಡಬೇಕು, ಬಾಗಿಲುಗಳನ್ನು ಮುಚ್ಚಬೇಕು, ಮಕ್ಕಳನ್ನು ಕಿಟಕಿಯ ಬಳಿಯಿಂದ ದೂರವಿರಿಸಬೇಕು. ಗಾಜನ್ನು ಪೂರ್ತಿ ಕೆಳಗಿಳಿಸಿ, ಆಮೇಲೆ ಸ್ವಿಚ್ಚನ್ನು ಮೇಲಕ್ಕೆ ಎಳೆದು ಹಿಡಿದು, ಗಾಜು ತುದಿ ಮುಟ್ಟಿದ ಮೇಲೂ ಕೈಬಿಡದೆ ಕೆಲವು ಸೆಕೆಂಡುಗಳ ಕಾಲ ಹಾಗೆಯೇ ಹಿಡಿದಿರಬೇಕು. ಹ್ಯುಂಡೈ ಕಾರುಗಳ ಕೈಪಿಡಿಗಳು ಕನಿಷ್ಠ 1 ಸೆಕೆಂಡ್ ಎನ್ನುತ್ತವೆ, ಇನ್ನು ಕೆಲವು ಕಂಪನಿಗಳು ಅದಕ್ಕಿಂತ ಹೆಚ್ಚು ಹೊತ್ತು ಕೇಳುತ್ತವೆ, ಐದಾರು ಸೆಕೆಂಡು ಹಿಡಿದರೆ ಬಹುತೇಕ ಎಲ್ಲಕ್ಕೂ ಸಾಲುತ್ತದೆ. ಫೋಕ್ಸ್‌ವ್ಯಾಗನ್ ಕಾರುಗಳಲ್ಲಿ ಮುಚ್ಚಿದ ಗಾಜಿನ ಸ್ವಿಚ್ಚನ್ನು ಒಮ್ಮೆ ಎಳೆದು ಹಿಡಿದು, ಬಿಟ್ಟು, ತಕ್ಷಣ ಇನ್ನೊಮ್ಮೆ ಎಳೆದು ಹಿಡಿಯುವ ಪದ್ಧತಿಯಿದೆ. ಕೆಲವು ಕಾರುಗಳು ಗಾಜು ಕೆಳತುದಿಯಲ್ಲಿರುವಾಗಲೂ ಸ್ವಿಚ್ಚನ್ನು ಹೀಗೆಯೇ ಒತ್ತಿ ಹಿಡಿಯಬೇಕೆಂದು ಬಯಸುತ್ತವೆ. ತಾನಾಗಿ ಮುಚ್ಚುವ ಗಾಜು ಎಲ್ಲ ಬಾಗಿಲುಗಳಲ್ಲಿದ್ದರೆ ಪ್ರತಿಯೊಂದನ್ನೂ ಬೇರೆ ಬೇರೆಯಾಗಿ, ಸಾಧ್ಯವಾದರೆ ಅದರದೇ ಬಾಗಿಲಿನ ಸ್ವಿಚ್ಚಿನಿಂದ, ಕಲಿಸಬೇಕು. ಸನ್‌ರೂಫ್ ಇರುವ ಕಾರುಗಳಲ್ಲಿ ಅದಕ್ಕೂ ಇಂಥದೇ ಪ್ರತ್ಯೇಕ ಪಾಠ ಬೇಕಾಗಬಹುದು.

ಎಂಜಿನ್ ಚಾಲೂ ಇರಬೇಕೆಂಬ ಮಾತು ಸುಮ್ಮನೆ ಹೇಳಿದ್ದಲ್ಲ. ಜಂಪ್ ಕೇಬಲ್ ಹಾಕಿ ಈಗಷ್ಟೇ ಎಬ್ಬಿಸಿದ ಕಾರಿನಲ್ಲಿ ಕೀಲಿಯನ್ನು ಮಾತ್ರ ತಿರುಗಿಸಿಟ್ಟು ರಿಸೆಟ್‌ಗೆ ಕೈಹಾಕಿದರೆ, ಗಾಜು ರಬ್ಬರನ್ನು ಒತ್ತುವ ಹೊತ್ತಿಗೆ ಬಳಲಿದ ಬ್ಯಾಟರಿಯ ವೋಲ್ಟೇಜ್ ಕುಸಿದು, ಮೋಟಾರು ನಿಧಾನವಾಗಿ, ಪೆಟ್ಟಿಗೆ ತಪ್ಪು ಪಾಠ ಕಲಿಯುತ್ತದೆ ಅಥವಾ ಪಾಠವನ್ನೇ ತಿರಸ್ಕರಿಸುತ್ತದೆ. ಎಂಜಿನ್ ಓಡುವಾಗ ಆಲ್ಟರ್ನೇಟರ್, ಅಂದರೆ ಎಂಜಿನ್‌ನಿಂದ ತಿರುಗುವ ವಿದ್ಯುತ್ ಉತ್ಪಾದಕ, ಸುಮಾರು 14 ವೋಲ್ಟ್ ಒದಗಿಸುವುದರಿಂದ ಈ ತೊಂದರೆಯಿಲ್ಲ. ಇನ್ನು, ಬಾರದ ರಿಸೆಟ್ಟನ್ನು ಹಟಕ್ಕೆ ಬಿದ್ದು ಹತ್ತು ಹದಿನೈದು ಬಾರಿ ಏರಿಸಿ ಇಳಿಸಿ ಮಾಡುತ್ತ ಹೋದರೆ ಮೋಟಾರು ಬಿಸಿಯಾಗಿ, ಅದರೊಳಗಿನ ಉಷ್ಣ ರಕ್ಷಕ ವಿದ್ಯುತ್ತನ್ನು ಕಡಿಯುತ್ತದೆ. ಆಗ ಗಾಜು ಅಲುಗದೇ ನಿಲ್ಲುತ್ತದೆ, ಸ್ವಲ್ಪ ಹೊತ್ತು ತಣಿಯಲು ಬಿಟ್ಟರೆ ತಾನೇ ಸರಿಹೋಗುತ್ತದೆ. ಮೋಟಾರು ಸುಟ್ಟುಹೋಯಿತೆಂದು ಗಾಬರಿಯಾಗಿ ಗ್ಯಾರೇಜಿಗೆ ಓಡುವವರಲ್ಲಿ ಒಂದಷ್ಟು ಮಂದಿ ಅಲ್ಲಿ ತಲುಪುವಷ್ಟರಲ್ಲಿ ಗಾಜು ಏರತೊಡಗಿದ್ದನ್ನು ಕಂಡು ಸುಮ್ಮನಾಗಬೇಕಾಗುತ್ತದೆ.

ತಿಂಗಳುಗಟ್ಟಲೆ ನಿಂತ ಕಾರಿನಲ್ಲಿ ಮತ್ತೊಂದು ಲಕ್ಷಣವೂ ಕಾಣುತ್ತದೆ: ಗಾಜು ಮೇಲಕ್ಕೇರಿ, ತುದಿ ಮುಟ್ಟುವ ಮೊದಲೇ ಏನೋ ತಡೆದಂತೆ ಮತ್ತೆ ಕೆಳಗಿಳಿಯುತ್ತದೆ. ಗಾಜು ಜಾರುವ ರಬ್ಬರ್ ತೋಡಿನಲ್ಲಿ ಧೂಳು, ಮರಳು, ಮಳೆಗಾಲದ ಬೂಷ್ಟು ಕೂತು, ಬಿಸಿಲಿಗೆ ರಬ್ಬರ್ ಒರಟಾಗಿ, ಘರ್ಷಣೆ ಹೆಚ್ಚಿದಾಗ ಪೆಟ್ಟಿಗೆ ಅದನ್ನೇ ಯಾರದೋ ಕೈಯೆಂದು ತಿಳಿದು ಹಿಂದೆ ಸರಿಯುತ್ತದೆ. ಒದ್ದೆ ಬಟ್ಟೆಯಿಂದ ತೋಡನ್ನು ಒರೆಸಿ, ಒಣಗಿದ ಬಳಿಕ ಸಿಲಿಕೋನ್ ಸ್ಪ್ರೇ ಹೊಡೆದು, ಆಮೇಲೆ ರಿಸೆಟ್ ಮಾಡಿದರೆ ಸಾಮಾನ್ಯವಾಗಿ ಗುಣವಾಗುತ್ತದೆ. ಈ ಅನುಕ್ರಮ ಮುಖ್ಯ. ಅನೇಕ ವ್ಯವಸ್ಥೆಗಳು ಎತ್ತರದ ಜೊತೆಗೆ ಹಾದಿಯುದ್ದಕ್ಕೂ ಇರುವ ಸಹಜ ಘರ್ಷಣೆಯನ್ನೂ ಕಲಿಯುವುದರಿಂದ, ಕೊಳಕು ತೋಡಿನಲ್ಲಿ ಕಲಿತ ಪಾಠ ಸ್ವಚ್ಛ ತೋಡಿಗೆ ಹೊಂದುವುದಿಲ್ಲ. ಮನೆಯಲ್ಲಿ ಕೈಗೆ ಸಿಗುವ ತೆಂಗಿನೆಣ್ಣೆಯನ್ನೋ ಗ್ರೀಸನ್ನೋ ಬಳಿದರೆ ಒಂದೆರಡು ದಿನ ಗಾಜು ಜಾರುವುದು ನಿಜ, ಆಮೇಲೆ ಅದೇ ಎಣ್ಣೆ ಧೂಳನ್ನು ಹಿಡಿದು ಮೊದಲಿಗಿಂತ ಕೆಡುಕಾಗುತ್ತದೆ, ಗ್ರೀಸು ರಬ್ಬರನ್ನೇ ಉಬ್ಬಿಸುತ್ತದೆ.

ಎಲ್ಲ ಕಿಟಕಿಗಳಿಗೂ ರಿಸೆಟ್ ಇಲ್ಲ ಎಂಬುದನ್ನೂ ತಿಳಿದಿರಬೇಕು. ಭಾರತದಲ್ಲಿ ಮಾರಾಟವಾಗುವ ಬಹಳಷ್ಟು ಕಾರುಗಳಲ್ಲಿ ಒಂದೇ ಎಳೆತಕ್ಕೆ ಮುಚ್ಚುವ ಸೌಕರ್ಯವಿರುವುದು ಚಾಲಕನ ಕಿಟಕಿಗೆ ಮಾತ್ರ. ಅಗ್ಗದ ಮಾದರಿಗಳಲ್ಲಿ ಅದೂ ಇರದೆ, ಒಂದೇ ಒತ್ತಿಗೆ ಕೆಳಗಿಳಿಯುವ ಸೌಕರ್ಯವಷ್ಟೇ ಇರುತ್ತದೆ. ಇಳಿಯುವ ಗಾಜಿನಿಂದ ಸಿಕ್ಕಿಕೊಳ್ಳುವ ಭಯವಿಲ್ಲದ ಕಾರಣ ಅದಕ್ಕೆ ಎಣಿಕೆಯೂ ಬೇಡ, ಪಾಠವೂ ಬೇಡ. ರಿಸೆಟ್ ಬೇಡದ ಕಿಟಕಿ ಬ್ಯಾಟರಿ ಬದಲಿಸಿದ ಬಳಿಕ ಅಲುಗದಿದ್ದರೆ ಕಾರಣ ಬೇರೆಡೆ ಹುಡುಕಬೇಕು. ಅದು ಚಾಲಕನದಲ್ಲದ ಕಿಟಕಿಯಾದರೆ, ಚಾಲಕನ ಬಾಗಿಲಲ್ಲಿರುವ, ಉಳಿದ ಕಿಟಕಿಗಳನ್ನು ನಿಷ್ಕ್ರಿಯಗೊಳಿಸುವ ಲಾಕ್ ಗುಂಡಿಯನ್ನು ಯಾರೋ ಒತ್ತಿರುವುದು ಅತ್ಯಂತ ಸಾಮಾನ್ಯ ಕಾರಣ, ಅತ್ಯಂತ ಕಡೆಗೆ ನೋಡುವ ಕಾರಣವೂ ಅದೇ. ಅದಾದ ಮೇಲೆ ಫ್ಯೂಸು. ಆಮೇಲೆ ಬಾಗಿಲಿನ ಕೀಲಿನ ಬಳಿ ರಬ್ಬರ್ ಕೊಳವೆಯೊಳಗೆ ಹಾದುಹೋಗುವ ತಂತಿಗಳು, ಬಾಗಿಲು ತೆರೆದು ಮುಚ್ಚುವಾಗ ಮತ್ತೆ ಮತ್ತೆ ಬಾಗಿ, ಉಪ್ಪುಗಾಳಿಗೆ ಹಸಿರುಗಟ್ಟಿ, ಒಳಗೇ ತುಂಡಾಗಿರುವುದು. ಬಾಗಿಲನ್ನು ಅಲುಗಿಸಿದಾಗ ಒಮ್ಮೆ ನಡೆದು ಒಮ್ಮೆ ನಿಲ್ಲುವ ಗಾಜು ಈ ಕೊನೆಯ ದೋಷದ ಗುರುತು, ಅದನ್ನು ಆಟೋ ಎಲೆಕ್ಟ್ರಿಷಿಯನ್ನರಿಗೇ ಬಿಡುವುದು ಲೇಸು.

ವಾರ್ಷಿಕ ಮಳೆ 3,000 ಮಿ.ಮೀ. ದಾಟುವ ಈ ಕರಾವಳಿಯಲ್ಲಿ ಅರ್ಧ ಇಳಿದು ನಿಂತ ಗಾಜು ಸಣ್ಣ ತಾಪತ್ರಯವಲ್ಲ. ಒಂದು ರಾತ್ರಿಯ ಮಳೆಗೆ ಸೀಟಿನ ಸ್ಪಂಜು ನೆನೆದರೆ ಸೆಪ್ಟೆಂಬರ್ ಮುಗಿಯುವವರೆಗೆ ಒಣಗುವುದಿಲ್ಲ, ಬಾಗಿಲಿನ ಸ್ವಿಚ್ಚಿನೊಳಗೆ ನೀರಿಳಿದರೆ ರಿಸೆಟ್ ಮಾಡಲು ಸ್ವಿಚ್ಚೇ ಉಳಿಯುವುದಿಲ್ಲ. ಹಾಗಾಗಿ ಮನೆಗೆ ಬಂದ ಮೊದಲ ದಿನ, ಅಂಗಳ ಬಿಡುವ ಮೊದಲೇ, ಗಾಜನ್ನು ಪರೀಕ್ಷಿಸಿಕೊಳ್ಳುವುದು ಉಚಿತ. 2021ರ ಫೆಬ್ರವರಿಯಿಂದ ಫಾಸ್ಟ್ಯಾಗ್ ಕಡ್ಡಾಯವಾದ ಮೇಲೆ ರಾಷ್ಟ್ರೀಯ ಹೆದ್ದಾರಿ 66ರ ಶಿರೂರು, ಹೊಳೆಗದ್ದೆ ಟೋಲ್‌ಗಳಲ್ಲಿ ಗಾಜು ಇಳಿಸುವ ಪ್ರಸಂಗ ಕಡಿಮೆಯಾಗಿದ್ದರೂ, ತಿಂಗಳುಗಟ್ಟಲೆ ನಿಂತ ಕಾರಿನ ಟ್ಯಾಗ್ ಖಾತೆಯಲ್ಲಿ ಹಣವಿಲ್ಲದೆ ಅಲ್ಲಿಯೇ, ಮಳೆಯಲ್ಲಿಯೇ, ಗಾಜು ಇಳಿಸಬೇಕಾಗಿ ಬರುವುದುಂಟು. ರಿಸೆಟ್ ಆದ ನಂತರ ರಕ್ಷಣೆ ಮರಳಿದೆಯೇ ಎಂದು ನೋಡಲು ಕೈಯನ್ನು ಎಂದೂ ಒಡ್ಡಬಾರದು. ದಪ್ಪ ಸ್ಪಂಜನ್ನೋ ಸುರುಳಿ ಸುತ್ತಿದ ಪತ್ರಿಕೆಯನ್ನೋ ಅಂಚಿಗೆ ಹಿಡಿದು, ಸ್ವಿಚ್ಚನ್ನು ಒಮ್ಮೆ ಎಳೆದುಬಿಟ್ಟು ಗಾಜು ಹಿಂದಿರುಗುವುದನ್ನು ಗಮನಿಸಬೇಕು. ಸ್ವಿಚ್ಚನ್ನು ಎಳೆದೇ ಹಿಡಿದಿದ್ದರೆ ಹಲವು ಕಾರುಗಳಲ್ಲಿ ಈ ರಕ್ಷಣೆ ಕೆಲಸ ಮಾಡುವುದಿಲ್ಲವಾದ್ದರಿಂದ ಪರೀಕ್ಷೆ ಹಾಗೆ ಮಾಡುವಂತಿಲ್ಲ.

ಮತ್ತೆ ಊರು ಬಿಡುವಾಗ ಬ್ಯಾಟರಿಯನ್ನು ಏನು ಮಾಡಬೇಕೆಂಬುದು ಉಳಿಯುತ್ತದೆ. ವಾರಕ್ಕೊಮ್ಮೆ ಯಾರಾದರೂ ಕಾರನ್ನು ಅರ್ಧ ಗಂಟೆ ರಸ್ತೆಯಲ್ಲಿ ಓಡಿಸುವಂತಿದ್ದರೆ ಅದಕ್ಕಿಂತ ಒಳ್ಳೆಯದಿಲ್ಲ. ಅಂಗಳದಲ್ಲೇ ಐದು ನಿಮಿಷ ಎಂಜಿನ್ ಉರಿಸಿ ನಿಲ್ಲಿಸುವುದರಿಂದ ಇಳಿದ ಬ್ಯಾಟರಿ ತುಂಬುವುದಿಲ್ಲ. ಗೋಡೆಯ ಪ್ಲಗ್ಗಿಗೆ ಹಾಕಿಡುವ ಸಣ್ಣ ಚಾರ್ಜರ್ ಇನ್ನೊಂದು ದಾರಿ, ಆದರೆ ಗಾಳಿಮಳೆಗೆ ಮರ ಬಿದ್ದು ಹೆಸ್ಕಾಂ ಲೈನ್ ಕಡಿಯುವ ಕಾಲದಲ್ಲಿ, ಯಾರೂ ಇಲ್ಲದ ಮನೆಯಲ್ಲಿ ಅದನ್ನು ನೆಚ್ಚಿಕೊಳ್ಳುವುದು ಕಷ್ಟ. ಉಳಿದದ್ದು ತಂತಿ ಕಳಚುವುದು. ಇದರ ಬೆಲೆ ಮರಳಿದಾಗ ಅರ್ಧ ನಿಮಿಷದ ರಿಸೆಟ್ ಅಷ್ಟೇ ಆದ್ದರಿಂದ, ಹೊಸ ಬ್ಯಾಟರಿ ಕೊಳ್ಳುವುದಕ್ಕೆ ಹೋಲಿಸಿದರೆ ಇದೇ ಲಾಭದ್ದು. ಗಾಜುಗಳನ್ನೆಲ್ಲ ಪೂರ್ತಿ ಮುಚ್ಚಿ, ಕೀಲಿ ತೆಗೆದು, ನಿಯಂತ್ರಣ ಪೆಟ್ಟಿಗೆಗಳು ನಿದ್ರೆಗೆ ಜಾರಲು ಹತ್ತು ನಿಮಿಷ ಬಿಟ್ಟು, ಹತ್ತರ ಸ್ಪ್ಯಾನರಿನಿಂದ ಮೊದಲು ನೆಗೆಟಿವ್ ತಂತಿಯನ್ನು ಕಳಚಬೇಕು. ಮರಳಿ ಜೋಡಿಸುವಾಗ ಅದೇ ತಂತಿ ಕೊನೆಗೆ. ಎಂಜಿನ್ ಓಡುತ್ತಿರುವಾಗಲೇ ಬ್ಯಾಟರಿ ತಂತಿ ಎಳೆದು ಆಲ್ಟರ್ನೇಟರ್ ಪರೀಕ್ಷಿಸುವ ಹಳೆಯ ಕಾಲದ ಮೆಕ್ಯಾನಿಕ್ ವಿದ್ಯೆ ಅಂಬಾಸಿಡರ್‌ಗೆ ಸಲ್ಲುತ್ತಿತ್ತು. ಇಂದಿನ ಕಾರಿನಲ್ಲಿ ಆಗ ಏಳುವ ವೋಲ್ಟೇಜಿನ ಅಲೆ ಕಿಟಕಿಯ ನೆನಪನ್ನು ಅಳಿಸುವುದರ ಜೊತೆಗೆ ಆ ನೆನಪಿರುವ ಪೆಟ್ಟಿಗೆಯನ್ನೇ ಸುಡಬಲ್ಲದು. ತಂತಿ ಕಳಚಿದ ಕಾರಿನಲ್ಲಿ ರಿಮೋಟ್ ಕೆಲಸ ಮಾಡುವುದಿಲ್ಲವಾದ್ದರಿಂದ, ರಿಮೋಟಿನೊಳಗೇ ಅಡಗಿರುವ ಲೋಹದ ಕೀಲಿಯಿಂದ ಚಾಲಕನ ಬಾಗಿಲು ತೆರೆಯುತ್ತದೆಯೇ ಎಂಬುದನ್ನು ಬಾನೆಟ್ ಮುಚ್ಚುವ ಮೊದಲೇ ಒಮ್ಮೆ ತಿರುಗಿಸಿ ನೋಡಿಕೊಂಡಿರಬೇಕು.